ಗರಿಷ್ಠ ಆರುನೂರಾ ಹನ್ನೆರಡು

ಶಿರಸಿಯಲ್ಲಿ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಅಡಿಕೆ ಎಷ್ಟಕ್ಕೆ ಹೋಯಿತು ಎಂದು ಕೇಳಿ ನೋಡಿ. ತಮ್ಮ ಅಡಿಕೆ ಎಷ್ಟಕ್ಕೆ ಹೋಯಿತು ಎಂಬುದೊಂದನ್ನು ಬಿಟ್ಟು, ಆ ದಿನ ಇಡೀ ಪೇಟೆಯಲ್ಲಿ ಯಾವ ಪುಣ್ಯಾತ್ಮನ ಅಡಿಕೆ ಎಲ್ಲಕ್ಕಿಂತ ಮೇಲೆ ಹೋಗಿತ್ತೋ ಆ ದರವನ್ನು ಹೇಳುತ್ತಾರೆ. ಇದನ್ನು ನಮ್ಮಲ್ಲಿ ಯಾರೂ ಸುಳ್ಳು ಎಂದು ಕರೆಯುವುದಿಲ್ಲ. ಕೇಳಿದವನೂ ಪೆದ್ದನಲ್ಲ. ಮೂರರಲ್ಲೊಂದು ಪಾಲನ್ನು ಮನಸ್ಸಿನಲ್ಲೇ ಕಳೆದು, ಉಳಿದದ್ದನ್ನು ನಂಬಿ, ಅಡ್ಡಿಲ್ಲೆ, ಚಲೋ ಆತು ಎಂದು ಎಲೆಯಡಿಕೆ ಕವಳದ ಬಟ್ಟಲಿಗೆ ಕೈ ಹಾಕುತ್ತಾನೆ. ಹೇಳಿದವನ ಮರ್ಯಾದೆ ಉಳಿಯಿತು, ಕೇಳಿದವನಿಗೆ ಸತ್ಯವೂ ಸಿಕ್ಕಿತು. ಇಂಥ ಒಳ್ಳೆಯ ಪದ್ಧತಿಯಿಂದಲೂ ಒಂದು ಮನೆ ನಾಚಿಕೆಗೇಡಾಗಬಹುದು ಎಂಬುದನ್ನು ಈ ವರ್ಷ ನಾನು ಕಣ್ಣಾರೆ ಕಂಡೆ.

ನನ್ನದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಸಿಕೊಡುತ್ತೇನೆ. ಬಲಗಡೆಗೆ ಅಂದಾನಪ್ಪನವರ ಕಿರಾಣಿ ಅಂಗಡಿ, ಎಡಗಡೆಗೆ ದೇವರು ಹೆಗಡೆಯವರ ಮನೆ. ದೇವರು ಎಂಬುದು ಅವರ ಹೆಸರು. ವಾನಳ್ಳಿಯ ಕಡೆಯ ಹಳೆಯ ಹೆಸರದು, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅವರು ಬೆಳೆಗಾರರ ಅಡಿಕೆ ಮಾರಾಟವಾಗುವ ಒಂದು ವಖಾರಿಯಲ್ಲಿ ಕೆಲಸಕ್ಕಿದ್ದಾರೆ. ವ್ಯಾಪಾರಿಗಳ ಟೆಂಡರ್ ತೆರೆದ ಕೂಡಲೇ ದರ ಕೂಗುವುದು, ಆಮೇಲೆ ಅದನ್ನು ಕಪ್ಪು ಹಲಗೆಯ ಮೇಲೆ ಬರೆಯುವುದು ಅವರ ಉದ್ಯೋಗ. ವರ್ಷಗಟ್ಟಲೆ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ. ಊಟಕ್ಕೆ ಕೂತು ಉಪ್ಪು ಕೇಳಿದರೆ ನನ್ನ ಗಿರಾಕಿಗಳು ತಿರುಗಿ ನೋಡುತ್ತಾರೆ.

ಅವರ ಮಗಳು ಅಭಿಜ್ಞಾ ಪಿಯುಸಿ ಎರಡನೇ ವರ್ಷ. ನೀಟ್ ಪರೀಕ್ಷೆಗೆ ತಯಾರಿ ಮಾಡಿಸುವ ಒಂದು ಕೋಚಿಂಗ್ ಕ್ಲಾಸಿಗೂ ಹೋಗುತ್ತಿದ್ದಳು. ಆ ಕ್ಲಾಸಿನವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಶಾಖೆ ತೆರೆದು, ಮೂರೂ ಕಡೆ ಒಂದೇ ದಿನ ಅಣಕು ಪರೀಕ್ಷೆ ನಡೆಸಿ, ಫಲಿತಾಂಶವನ್ನು ತಂದೆತಾಯಿಯ ವಾಟ್ಸಾಪಿಗೆ ಕಳಿಸುತ್ತಿದ್ದರು. ಜನವರಿಯ ಒಂದು ಬೆಳಿಗ್ಗೆ ಹೆಗಡೆಯವರ ಫೋನಿಗೂ ಬಂತು. ಮೊದಲ ಸಾಲಿನಲ್ಲಿ ಮಗಳ ಹೆಸರು, ಅದರ ಪಕ್ಕದಲ್ಲಿ 171. ಕೆಳಗೆ ಗರಿಷ್ಠ 612, ಕನಿಷ್ಠ ಮೈನಸ್ 14, ಸರಾಸರಿ 243.

ಬೇರೆ ಯಾರಿಗಾದರೂ ಇದರಲ್ಲಿ ಮಗಳ ಅಂಕ ಯಾವುದು, ಕ್ಲಾಸಿನ ಅಂಕ ಯಾವುದು ಎಂಬುದು ಅರ್ಥವಾಗುತ್ತಿತ್ತು. ಆದರೆ ಹೆಗಡೆಯವರು ಪ್ರತಿದಿನ ಹಲಗೆಯ ಮೇಲೆ ಬರೆಯುವುದು ಹೀಗೆಯೇ: ಬೆಳೆಗಾರನ ಹೆಸರು, ಪಕ್ಕದಲ್ಲಿ ಅವನ ಮೂಟೆಗಳ ಲಾಟ್ ನಂಬರು, ಕೆಳಗೆ ಗರಿಷ್ಠ, ಕನಿಷ್ಠ, ಸರಾಸರಿ. ಆದ್ದರಿಂದ 171 ಮಗಳ ಲಾಟ್ ನಂಬರು. ಆರುನೂರಾ ಹನ್ನೆರಡು ಅವಳಿಗೆ ಬಿದ್ದ ಮೇಲಿನ ದರ. ಏಳುನೂರಾ ಇಪ್ಪತ್ತಕ್ಕೆ ಆರುನೂರಾ ಹನ್ನೆರಡು!

ಹೆಂಡತಿ ಶಾಂಭವಿಗೆ ಮಾತ್ರ ಆ ಮೈನಸ್ ಹದಿನಾಲ್ಕು ಗಂಟಲಲ್ಲಿ ಸಿಕ್ಕಿತು. ಓದಿದ ಮಗುವಿಗೆ ಸೊನ್ನೆಗಿಂತಲೂ ಕಡಿಮೆ ಬರುವುದು ಹೇಗೆ ಎಂದು ಕೇಳಿದರು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಆದರೂ ಹೆಗಡೆಯವರು ಒಂದು ಕ್ಷಣವೂ ತಡವರಿಸಲಿಲ್ಲ. ಹಸಿ ಅಡಿಕೆಗೆ ತೇವದ ಕಡಿತ ಹಾಕುವುದಿಲ್ಲವೇ, ಇದೂ ಅದೇ ಬಾಬತ್ತು, ಕೂಸು ಆ ದಿನ ತಲೆಸ್ನಾನ ಮಾಡಿ ಹೋಗಿತ್ತು, ತಲೆ ಒಣಗಿರಲಿಲ್ಲ ಎಂದರು. ಶಾಂಭವಿ ಒಪ್ಪಿದರು. ಗಂಡ ಜೋರಾಗಿ ಹೇಳಿದ್ದನ್ನೆಲ್ಲ ಒಪ್ಪದಿದ್ದರೆ ಆ ಮನೆಯಲ್ಲಿ ಕಿವಿಗೆ ಉಳಿಗಾಲವಿಲ್ಲ.

ಅಭಿಜ್ಞಾ ಆ ಬೆಳಿಗ್ಗೆಯೇ ಸ್ಪಷ್ಟವಾಗಿ ಹೇಳಿದಳು. ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದವನು ಕೇಳಿದ್ದೇನೆ.

"ಅಪ್ಪಾ, ನೂರಾ ಎಪ್ಪತ್ತೊಂದೇ ನನ್ನ ಮಾರ್ಕು."

ಹೆಗಡೆಯವರು ಹಿಗ್ಗಿ ಹೀರೇಕಾಯಿಯಾದರು. ಲಾಟ್ ನಂಬರನ್ನೇ ಮಾರ್ಕು ಅನ್ನುತ್ತಿದೆ ಕೂಸು, ಎಂಥ ವಿನಯ ನೋಡಿ ಎಂದು ಕೇರಿಗೆಲ್ಲ ಕೇಳುವಂತೆ ಹೇಳಿದರು. ಹೆಗಡೆಯವರ ತಾಯಿ ಸೀತಮ್ಮ, ಇಷ್ಟು ವಿನಯವಿರುವ ಹುಡುಗಿಗೆ ಕಣ್ಣು ತಾಗದೆ ಇರುವುದಿಲ್ಲವೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಿದ್ದಾಗ ಅಭಿಜ್ಞಾ ಎರಡನೇ ಸಲ ಹೇಳಿದಳು. ಕೆಮ್ಮಿನಲ್ಲಿ ಯಾರಿಗೂ ಕೇಳಲಿಲ್ಲ.

ಅಲ್ಲಿಂದ ಸುದ್ದಿ ಹೊರಟಿತು. ಯಾರು ಕೇಳಿದರೂ, ಕೇಳದಿದ್ದರೂ, ಹೆಗಡೆಯವರು ಪದ್ಧತಿಯಂತೆ ಗರಿಷ್ಠವನ್ನೇ ಹೇಳಿದರು. ಕೇಳಿದವರು ಪದ್ಧತಿಯಂತೆ ಮೂರರಲ್ಲೊಂದು ಪಾಲು ಕಳೆದರು. ಈ ಕಳೆಯುವ ವಿದ್ಯೆಯಲ್ಲಿ ಸಿದ್ದಾಪುರ ತಾಲೂಕಿನ ದೊಡ್ಮನೆಯ ಗಂಗೆಯನ್ನು ಮೀರಿಸುವವರಿಲ್ಲ. ಅವರು ಹೆಗಡೆಯವರ ಅಕ್ಕ. ಫೋನಿನಲ್ಲಿ ಆರುನೂರಾ ಹನ್ನೆರಡು ಎಂದು ಕೇಳಿದ ಉಸಿರಿನಲ್ಲೇ, ಅಂದರೆ ನಾನೂರಾ ಎಂಟು, ಅದೂ ಕಡಿಮೆಯೇನಲ್ಲ ಎಂದರಂತೆ. ತಮ್ಮ ಮೊಮ್ಮಗ ಪ್ರಥಮನದೂ ಅದೇ ಪರೀಕ್ಷೆ, ಅವನಿಗೂ ಆರುನೂರಾ ಹನ್ನೆರಡೇ ಬಂದಿದೆ ಎಂದೂ ಸೇರಿಸಿದರು. ಸಂಜೆ ಯಲ್ಲಾಪುರ ತಾಲೂಕಿನ ಇಡಗುಂದಿಯಿಂದ ಶಾಂಭವಿಯ ಅಣ್ಣ ಫೋನು ಮಾಡಿ, ತನ್ನ ಮಗ ಚಿರಂತನನಿಗೆ ಆರುನೂರಾ ಹನ್ನೆರಡು ಎಂದರು.

ಮೂರು ತಾಲೂಕಿನಿಂದ ಒಂದೇ ಸಂಖ್ಯೆ ಬಂದರೆ ಯಾರಿಗಾದರೂ ಅನುಮಾನ ಬರಬೇಕು. ಹೆಗಡೆಯವರಿಗೆ ಬರಲಿಲ್ಲ. ಒಂದೇ ದಿನ ಮೂರು ತಾಲೂಕಿನ ಬೆಳೆಗಾರರೆಲ್ಲ ಒಂದೇ ದರ ಹೇಳುವುದು ಅವರಿಗೆ ನಿತ್ಯದ ಸಂಗತಿ. ಅವರಿಬ್ಬರೂ ಪೇಟೆಯ ದರ ಹೇಳುತ್ತಿದ್ದಾರೆ, ನನ್ನದೊಂದೇ ಖರೆ ಎಂದು ಮೂರು ಮನೆಯವರೂ ಪ್ರತ್ಯೇಕವಾಗಿ ನಂಬಿಕೊಂಡು ಸುಖವಾಗಿದ್ದರು.

ನಿಜವಾದ ಪರೀಕ್ಷೆಯನ್ನೇ ಇನ್ನೂ ಬರೆಯದ ಹುಡುಗಿ ಒಂದು ವಾರದಲ್ಲಿ ಡಾಕ್ಟರಾದಳು. ಗಂಗೆ ದೊಡ್ಮನೆಯಿಂದ ಬಂದು ಮಂಡಿ ತೋರಿಸಿದರು. ಸೀತಮ್ಮ ಅಲ್ಲಿಯವರೆಗೆ ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆಯನ್ನು, ಮನೆಯಲ್ಲೇ ಡಾಕ್ಟರು ಇದ್ದ ಮೇಲೆ ಇದೆಂತಕ್ಕೆ ಎಂದು ಬಿಟ್ಟು ಹಾಸಿಗೆ ಹಿಡಿದರು, ಅವರನ್ನು ನಿಜವಾದ ಡಾಕ್ಟರ ಹತ್ತಿರ ಎತ್ತಿಕೊಂಡು ಹೋಗಬೇಕಾಯಿತು. ಅಭಿಜ್ಞಾಳ ಇಡಗುಂದಿಯ ಸೋದರಮಾವ ತಮ್ಮ ಸೊಂಟದ ಎಕ್ಸರೇಯನ್ನು ಯಲ್ಲಾಪುರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸಿದರು. ಸ್ವಂತ ಮಗನಿಗೂ ಆರುನೂರಾ ಹನ್ನೆರಡು ಬಂದಿದ್ದರೂ ಸೊಂಟದ ವಿಷಯದಲ್ಲಿ ಅವನನ್ನು ನಂಬುವ ಧೈರ್ಯ ಅವರಿಗಿರಲಿಲ್ಲ.

ಇನ್ನು ಅಂದಾನಪ್ಪನವರು. ಇವರು ಬನವಾಸಿ ಕಡೆಯವರು, ವ್ಯಾಪಾರಸ್ಥರು. ಬೆಳೆಗಾರನ ಪದ್ಧತಿ ಹೆಚ್ಚು ಹೇಳುವುದಾದರೆ ವ್ಯಾಪಾರಿಯ ಪದ್ಧತಿ ಕಡಿಮೆ ಹೇಳುವುದು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಿರಾಕಿಗಳಿದ್ದರೂ, ವ್ಯಾಪಾರ ಹೇಗಿದೆ ಎಂದರೆ ಭಾಳ ಡಲ್ ಎನ್ನುತ್ತಾರೆ. ಅವರ ಮಗಳು ಶಿವರಂಜನಿ ಅಭಿಜ್ಞಾಳ ಕ್ಲಾಸಿನವಳೇ, ಗೆಳತಿ ಕೂಡ. ನಿಮ್ಮ ಮಗಳದ್ದು ಎಷ್ಟಾಯಿತು ಎಂದು ಹೆಗಡೆಯವರು ಎಲ್ಲರೆದುರಿಗೆ ಕೇಳಿದಾಗ ಅಂದಾನಪ್ಪನವರು ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು.

"ಏನ್ ಹೇಳೂದ್ರೀ ಹೆಗಡೇರ, ಈ ವರ್ಷ ಭಾಳ ಡಲ್ ಐತ್ರಿ."

ಹೆಗಡೆಯವರಿಗೆ ಕರುಳು ಚುರುಕ್ಕೆಂದಿತು. ಅಂದಿನಿಂದ ದಿನಾ ಬೆಳಿಗ್ಗೆ ಅಂದಾನಪ್ಪನವರ ಅಂಗಡಿಯ ಮುಂದೆ ನಿಂತು ಸಮಾಧಾನ ಹೇಳತೊಡಗಿದರು. ಎಲ್ಲರೂ ಡಾಕ್ಟರಾಗಲು ಸಾಧ್ಯವಿಲ್ಲ, ಅಂಗಡಿ ನೋಡಿಕೊಳ್ಳುವುದೂ ವಿದ್ಯೆಯೇ, ಬೇಕಾದರೆ ನಮ್ಮ ಕೂಸಿನ ನೋಟ್ಸು ಒಯ್ಯಲಿ ಎಂದರು. ಅಂದಾನಪ್ಪನವರು ದಿನಾ ಕೈಮುಗಿದು, ಆಗಲ್ರಿ ಎಂದರು.

ಹಾಳಾಗಿಹೋಗಲಿ, ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಒಂದು ಮಧ್ಯಾಹ್ನ ಅಭಿಜ್ಞಾ ನನ್ನ ಅಂಗಡಿಗೆ ಬಂದಳು. ಅವಳಿಗೆ ಬೇಕಾಗಿದ್ದದ್ದು ಡಾಕ್ಟರಿಕೆಯಲ್ಲ, ಫಾರೆಸ್ಟ್ರಿ ಓದು. ಅದಕ್ಕೆ ಸಿಇಟಿ ಅರ್ಜಿ ಹಾಕಬೇಕು, ಕೊನೆಯ ದಿನ ಹತ್ತಿರ ಬಂದಿದೆ. ಮನೆಯಲ್ಲಿ ಕೇಳಿದ್ದಕ್ಕೆ ಅಪ್ಪ, ಆರುನೂರಾ ಹನ್ನೆರಡು ಬಿದ್ದ ಮಾಲನ್ನು ಯಾರಾದರೂ ಸಣ್ಣ ಪೇಟೆಗೆ ಒಯ್ಯುತ್ತಾರೆಯೇ, ಮರ ನೋಡಲಿಕ್ಕೆ ಕಾಲೇಜು ಬೇಕೇ ಎಂದಿದ್ದರಂತೆ. ಅರ್ಜಿಯನ್ನು ಅವಳೇ ತುಂಬಿದ್ದಳು. ಎಲ್ಲ ಮುಗಿದು ಒಂದು ಓಟಿಪಿ ಬಾಕಿ. ಅದು ಹೋಗುವುದು ಕಾಲೇಜಿನ ದಾಖಲೆಯಲ್ಲಿರುವ ಅಪ್ಪನ ಫೋನಿಗೆ.

ನಾನೇ ಹೆಗಡೆಯವರಿಗೆ ಫೋನು ಮಾಡಿದೆ. ನಾನು ಅವರ ಸ್ವರ ಇಳಿದದ್ದನ್ನು ಕೇಳಿದ್ದು ಜನ್ಮದಲ್ಲಿ ಅದೊಂದೇ ಸಲ.

"ಓಟಿಪಿ ಯಾರತ್ರೂ ಹೇಳಲಾಗ ಹೇಳಿ ಬ್ಯಾಂಕಿನವು ಹೇಳಿದ್ದ, ಸಂದೇಶಾ. ಸ್ವಂತ ಮಗಳತ್ರೂ ಹೇಳಲಾಗ."

ಸಂದೇಶ ಅಂದರೆ ನಾನು. ಸಂಜೆ ಅವರು ಬಂದಾಗ ಕೂರಿಸಿಕೊಂಡು, 171 ಲಾಟ್ ನಂಬರಲ್ಲ, ಮಗಳ ಅಂಕ, 612 ಮೂರು ತಾಲೂಕಿನಲ್ಲಿ ಯಾರೋ ಒಬ್ಬರದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಸ್ಟೂಲು ಹಿಂದಕ್ಕೆ ಸರಿಸಿದರು. ಮೂರರಲ್ಲೊಂದು ಪಾಲು ಕಳೆಯುವುದು ಲೋಕದ ವಾಡಿಕೆ, ಅದಕ್ಕೆ ತನಗೆ ಬೇಜಾರಿಲ್ಲ, ಆದರೆ ನೆರೆಮನೆಯವನಾಗಿ ನಾಲ್ಕರಲ್ಲಿ ಮೂರು ಪಾಲು ಕಳೆಯುತ್ತೀಯಲ್ಲ, ಇಷ್ಟು ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಎದ್ದು ಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋಣವಾದರೆ ಹೊಟ್ಟೆಕಿಚ್ಚು ಎನ್ನುತ್ತಿರಲಿಲ್ಲ.

ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಅಭಿಜ್ಞಾ ಎಲ್ಲ ಕೇಳಿಸಿಕೊಂಡಿದ್ದಳು. ಅಳುವ ಹುಡುಗಿಯಲ್ಲ ಅದು. ಅವತ್ತು ಅತ್ತಳು.

"ಮೇ ತಿಂಗಳಲ್ಲಿ ಖರೆ ಪರೀಕ್ಷೆ ಆಗಿ ಖರೆ ಮಾರ್ಕು ಬತ್ತು, ಸಂದೇಶಣ್ಣಾ. ಆವಾಗ ಇದೂ ಇಲ್ಲೆ, ಅದೂ ಇಲ್ಲೆ. ಆನು ಎಲ್ಲಿಗೆ ಹೋಗಲಿ?"

ಕೈಕಾಲು ಗಟ್ಟಿಯಿರುವ, ಕಾಡಿನ ಮರಗಳ ಹೆಸರನ್ನೆಲ್ಲ ಬಲ್ಲ ಹುಡುಗಿ, ಅಪ್ಪನ ಹೆಮ್ಮೆಯ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಿದ್ದಳು. ನಾನು ಮಾಡಬಹುದಾದದ್ದು ಒಂದೇ. ಅರ್ಜಿಯನ್ನು ಅವಳ ಫೋನಿನಲ್ಲಿ ತೆರೆದುಕೊಟ್ಟು, ಅಪ್ಪ ಎಲ್ಲಿ ಸಿಕ್ಕರೂ ಅಲ್ಲೇ ಓಟಿಪಿ ತರಿಸು ಎಂದೆ.

ಅಷ್ಟರಲ್ಲಿ ಸಿದ್ದಾಪುರದ ಬೆಳೆಗಾರರ ಬಳಗವೊಂದಕ್ಕೆ ಸುದ್ದಿ ತಲುಪಿತ್ತು. ಒಂದೇ ಪರೀಕ್ಷೆಯಲ್ಲಿ ಮೂರು ತಾಲೂಕಿನ ಮೂವರು ಬೆಳೆಗಾರರ ಮನೆಯ ಮಕ್ಕಳಿಗೆ ಸರಿಸಮಾನ ಅಂಕ, ಇದು ನಮ್ಮ ಸೀಮೆಯ ಭಾಗ್ಯ ಎಂದು ಬಳಗದ ಅಧ್ಯಕ್ಷರಿಗೆ ರೋಮಾಂಚನವಾಯಿತು. ಹೆಗಡೆಯವರಿಗೆ ಅಡಿಕೆಯ ಒಂದು ಮರವೂ ಇಲ್ಲ, ಆದರೂ ದರ ಕೂಗುವವರು ಎಂಬ ಅಭಿಮಾನದಿಂದ ಸೇರಿಸಿಕೊಂಡರು. ಶಾಲು, ಫಲ, ಸನ್ಮಾನಪತ್ರ ಎಲ್ಲ ತಯಾರಾಯಿತು. ಸನ್ಮಾನದ ದಿನವೂ ಸಿಇಟಿ ಅರ್ಜಿಯ ಕೊನೆಯ ದಿನವೂ ಒಂದೇ. ಅರ್ಜಿಗೆ ಸಂಜೆ ಐದರವರೆಗೆ ಅವಕಾಶ.

ಸಿದ್ದಾಪುರಕ್ಕೆ ನಾವೆಲ್ಲ ಹೋದದ್ದು ಅಂದಾನಪ್ಪನವರ ಓಮ್ನಿಯಲ್ಲಿ. ಬನ್ನಿ, ದೊಡ್ಡ ಮಾರ್ಕಿನವರನ್ನು ಕಂಡರೆ ನಿಮ್ಮ ಮಗಳಿಗೂ ಸ್ವಲ್ಪ ಉಮೇದು ಬರಲಿ ಎಂದು ಹೆಗಡೆಯವರೇ ಒತ್ತಾಯ ಮಾಡಿದ್ದರು. ಓಮ್ನಿ ಅವರದ್ದಾಗಿರುವುದು ಎರಡನೇ ಕಾರಣ. ದಾರಿಯುದ್ದಕ್ಕೂ ಹೆಗಡೆಯವರು ಶಿವರಂಜನಿಗೆ ಓದುವ ಕ್ರಮ ಬೋಧಿಸಿದರು. ಬೆಳಿಗ್ಗೆ ಬೇಗ ಏಳಬೇಕು, ಪರೀಕ್ಷೆಯ ದಿನ ತಲೆಸ್ನಾನ ಮಾಡಬಾರದು. ಆ ಹುಡುಗಿ ಎಲ್ಲಕ್ಕೂ ಹೂಂ ಎಂದಳು. ಅಭಿಜ್ಞಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಮೂಟೆಗಳ ಜಾಗದಲ್ಲಿ ಕೂತಿದ್ದೆ.

ಸಭಾಭವನದಲ್ಲಿ ಜನ ಕಿಕ್ಕಿರಿದಿದ್ದರು. ವೇದಿಕೆಯ ಮೇಲೆ ಮೂರು ಕುರ್ಚಿ, ಮೂರು ಮಕ್ಕಳು: ಅಭಿಜ್ಞಾ, ದೊಡ್ಮನೆಯ ಪ್ರಥಮ, ಇಡಗುಂದಿಯ ಚಿರಂತನ. ಮೂವರೂ ತಲೆ ತಗ್ಗಿಸಿದ್ದರು. ಇದೂ ವಿನಯವೇ ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ನೋಡಿದರೆ ಕುರಿಗಳನ್ನು ಸಾಲಾಗಿ ಕಟ್ಟಿದ ಹಾಗಿತ್ತು. ಅಧ್ಯಕ್ಷರು ಅಡಿಕೆಯ ಇತಿಹಾಸದಿಂದ ಹೊರಟು ವೈದ್ಯಶಾಸ್ತ್ರಕ್ಕೆ ಬರುವಷ್ಟರಲ್ಲಿ ಗಂಟೆ ನಾಲ್ಕೂವರೆ ದಾಟಿತು. ಪಕ್ಕದ ಕುರ್ಚಿಯಲ್ಲಿದ್ದ ಗಂಗೆ ನನ್ನ ಕಿವಿಯಲ್ಲಿ, ತಮ್ಮ ಮೊಮ್ಮಗನದ್ದೊಂದು ಬಿಟ್ಟು ಉಳಿದೆರಡೂ ನಾನೂರಾ ಎಂಟೇ ಎಂದು ಪಿಸುಗುಟ್ಟಿದರು.

ಆಮೇಲೆ ಮಕ್ಕಳು ಎರಡು ಮಾತಾಡಬೇಕೆಂದರು. ಮೈಕು ಮೊದಲು ಅಭಿಜ್ಞಾಳ ಕೈಗೆ ಬಂತು. ಅವಳು ಎದ್ದು ನಿಂತಳು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಫೋನು.

"ನನ್ನ ಅಂಕ ನೂರಾ ಎಪ್ಪತ್ತೊಂದು," ಎಂದಳು. "ಪ್ರಥಮನದು, ಚಿರಂತನನದು ಅವರೇ ಹೇಳಲಿ. ಆರುನೂರಾ ಹನ್ನೆರಡು ಬಂದದ್ದು ಶಿವರಂಜನಿಗೆ. ಅವಳು ಹಿಂದಿನ ಸಾಲಲ್ಲಿ ಕೂತಿದ್ದಾಳೆ."

ಸಭೆಗೆ ಸಭೆಯೇ ತಿರುಗಿ ಹಿಂದಿನ ಸಾಲನ್ನು ನೋಡಿತು. ಶಿವರಂಜನಿ ಮುಖ ಮುಚ್ಚಿಕೊಂಡಳು. ಅಂದಾನಪ್ಪನವರು ಕಳ್ಳಮಾಲು ಸಮೇತ ಸಿಕ್ಕಿಬಿದ್ದವರಂತೆ ಎದ್ದು ನಿಂತು ಕೈಮುಗಿದರು. ಖರೇನೇನ್ರೀ ಎಂದು ಅಧ್ಯಕ್ಷರು ಕೇಳಿದ್ದಕ್ಕೆ, ಹೌದ್ರಿ, ಆದರ ಅಸಲ ಪರೀಕ್ಷಾ ಇನ್ನೂ ಮುಂದ ಐತ್ರಿ, ಈಗ ಭಾಳ ಡಲ್ ಅಂತನ ತಿಳೀರಿ ಎಂದರು. ಪ್ರಥಮ ಯಾರೂ ಕೇಳದಿದ್ದರೂ ಇನ್ನೂರಾ ಮೂರು ಎಂದ. ಚಿರಂತನ ಬಾಯಿ ಬಿಡಲಿಲ್ಲ. ಮೈನಸ್ ಹದಿನಾಲ್ಕು ಯಾರದ್ದು ಎಂಬುದು ನನಗೆ ಆ ಗಳಿಗೆಯಲ್ಲಿ ತಿಳಿಯಿತು.

ಹೆಗಡೆಯವರು ವೇದಿಕೆಯ ಮೆಟ್ಟಿಲಿನ ಬಳಿ ನಿಂತಿದ್ದರು. ದಿನಾ ಬೆಳಿಗ್ಗೆ ಅಂದಾನಪ್ಪನವರಿಗೆ ಹೇಳಿದ ಸಮಾಧಾನವೆಲ್ಲ ಒಂದೊಂದಾಗಿ ನೆನಪಾಗುತ್ತಿತ್ತೋ ಏನೋ, ಮುಖ ಸುಣ್ಣದ ಗೋಡೆಯಾಗಿತ್ತು.

"ಅದು ಲಾಟ್ ನಂಬರು ಅಲ್ದನೇ ತಂಗೀ?" ಎಂದು ಕೇಳಿದರು. ಮೈಕಿಲ್ಲದಿದ್ದರೂ ಸಭೆಗೆಲ್ಲ ಕೇಳಿತು.

"ಅಲ್ಲ ಅಪ್ಪಾ. ಅದು ಆನು." ಅವಳು ಕೈಯಲ್ಲಿದ್ದ ಫೋನನ್ನು ಎತ್ತಿ ತೋರಿಸಿದಳು. "ಈಗ ನಿನ್ನ ಫೋನಿಗೆ ಓಟಿಪಿ ಬೈಂದು. ಐದು ಗಂಟೆ ಆಗ್ತಾ ಬಂತು. ಹೇಳು ಅಪ್ಪಾ."

ಹೆಗಡೆಯವರು ಫೋನು ತೆಗೆದರು. ಕನ್ನಡಕ ಹುಡುಕಿದರು, ಅದು ಹಣೆಯ ಮೇಲಿತ್ತು. ಬ್ಯಾಂಕಿನವರ ಮಾತು, ಊರಿನವರ ಕಣ್ಣು, ಮಗಳ ಮುಖ, ಮೂರರ ನಡುವೆ ಅವರು ಸ್ವಲ್ಪ ಹೊತ್ತು ಒದ್ದಾಡಿದರು. ಆಮೇಲೆ ವಖಾರಿಯಲ್ಲಿ ನಿಂತಂತೆ ಕತ್ತೆತ್ತಿ, ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಕೂಗಿದರು. ಅವರು ಹೇಳಿದ ಸಂಖ್ಯೆಯನ್ನು ಯಾರೂ ಏನೂ ಕಳೆಯದೆ ತೆಗೆದುಕೊಂಡದ್ದು ಅದೇ ಮೊದಲು. ಅರ್ಜಿ ಹೋಯಿತು. ಅಭಿಜ್ಞಾ ಫೋನನ್ನು ಎದೆಗೊತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಮೂರು ಶಾಲುಗಳಲ್ಲಿ ಒಂದನ್ನು ಶಿವರಂಜನಿಗೆ ಹೊದಿಸಿದರು. ಮಿಕ್ಕ ಎರಡನ್ನು ಏನು ಮಾಡುವುದೆಂದು ತಿಳಿಯದೆ ಅಧ್ಯಕ್ಷರು ಮಡಚಿ ಮಡಚಿ ಇಟ್ಟರು. ವಾಪಸು ಬಂದು ಮನೆ ಮುಂದೆ ಓಮ್ನಿಯಿಂದ ಇಳಿಯುವಾಗ ಅಂದಾನಪ್ಪನವರು ಮೆಲ್ಲಗೆ, ಶಿವರಂಜನಿಯ ನೋಟ್ಸು ಬೇಕಾದರೆ ಒಯ್ಯಿರಿ ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹೆಗಡೆಯವರು ಆ ರಾತ್ರಿ ಊಟ ಮಾಡಲಿಲ್ಲವೆಂದು ಶಾಂಭವಿ ಹೇಳಿದರು.

ಮರುದಿನದಿಂದ ಹೆಗಡೆಯವರು ಸತ್ಯವಂತರಾದರು. ವಖಾರಿಯಲ್ಲಿ, ಚಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರು ಕೇಳಿದರೂ ನೂರಾ ಎಪ್ಪತ್ತೊಂದು ಎಂದರು. ಆದರೆ ಸಿದ್ದಾಪುರದ ಸಭೆಗೆ ಇಡೀ ಶಿರಸಿ ಹೋಗಿರಲಿಲ್ಲವಲ್ಲ. ಕೇಳಿದವರು ತಲೆಯಲ್ಲಾಡಿಸಿ, ಕನಿಕರದಿಂದ ಬೆನ್ನು ತಟ್ಟಿ ಹೋಗುತ್ತಿದ್ದರು. ಆ ಕನಿಕರ ಸ್ವಲ್ಪ ಹೆಚ್ಚಾಯಿತೆಂದು ಅವರಿಗೆ ಅನಿಸತೊಡಗಿತು. ಒಂದು ಸಂಜೆ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು ನನ್ನ ಕ್ಯಾಲ್ಕುಲೇಟರ್ ಕೇಳಿದರು. ಅಭಿಜ್ಞಾ ಅರ್ಜಿಯ ಪ್ರಿಂಟು ತೆಗೆಸಿಕೊಳ್ಳಲು ಬಂದು ಅಲ್ಲೇ ನಿಂತಿದ್ದಳು.

"ಖರೆ ಹೇಳಿದ್ರೂ ಕಳೀತ ಮಾರಾಯಾ," ಎಂದರು. "ಅವು ಕಳೆದ ಮೇಲೆ ಸರಿಯಾಗಿ ನೂರಾ ಎಪ್ಪತ್ತೊಂದು ಉಳಿಯವು ಹೇಳಾದ್ರೆ ಆನು ಇನ್ನೂರಾ ಐವತ್ತಾರೂವರೆ ಹೇಳವು. ಅರ್ಧ ಮಾರ್ಕು ಹೇಳಿ ಇರ್ತನೇ ತಂಗೀ?"

"ಇರ್ತಿಲ್ಲೆ ಅಪ್ಪಾ," ಎಂದಳು ಅಭಿಜ್ಞಾ. "ಇದ್ದಷ್ಟೇ ಹೇಳು."

ಅದೇ ಹೊತ್ತಿಗೆ ಗಂಗೆ ದೊಡ್ಮನೆಯಿಂದ ಬಸ್ಸಿಳಿದು ಕುಂಟುತ್ತ ಬಂದರು. ಮಂಡಿ ತೋರಿಸಲು ಈ ಸಲ ನಿಜವಾದ ಡಾಕ್ಟರ ಹತ್ತಿರ ಹೊರಟಿದ್ದರು. ಮೊನ್ನೆ ಮತ್ತೊಂದು ಅಣಕು ಪರೀಕ್ಷೆ ಆಯಿತಂತಲ್ಲ, ಕೂಸಿನದು ಎಷ್ಟಾಯಿತು ಎಂದು ಮೆಟ್ಟಿಲ ಮೇಲೆ ನಿಂತೇ ಕೇಳಿದರು. ಸಿದ್ದಾಪುರದಲ್ಲಿ ಎದುರಿಗೇ ಕೂತು ಎಲ್ಲ ಕೇಳಿದ್ದ ಹೆಂಗಸು, ಇವರಿಗಾದರೂ ಸತ್ಯದ ಬೆಲೆ ಗೊತ್ತಿರುತ್ತದೆ ಎಂದು ಹೆಗಡೆಯವರ ಮುಖದಲ್ಲಿ ಆಸೆ ಮೂಡಿತು. ಮಗಳ ಮುಖ ನೋಡಿದರು. ಅವಳು ತಲೆಯಾಡಿಸಿದಳು.

"ಈ ಸಲವೂ ನೂರಾ ಎಪ್ಪತ್ತೊಂದೇ ಅಕ್ಕಾ," ಎಂದರು ಹೆಗಡೆಯವರು. "ಖರೆ."

ಲೆಕ್ಕ ಹಾಕುವಾಗಿನಂತೆ ಗಂಗೆಯವರ ಕಣ್ಣು ಒಂದು ಗಳಿಗೆ ಮೇಲಕ್ಕೆ ಹೋಗಿ ಬಂತು. ಆಮೇಲೆ ಮೆಟ್ಟಿಲು ಹತ್ತಿ ಬಂದು ಅಭಿಜ್ಞಾಳ ಗಲ್ಲ ಸವರಿದರು.

"ಬೇಜಾರು ಮಾಡ್ಕಳಡ ತಂಗೀ," ಎಂದರು. "ನೂರಾ ಹದ್ನಾಕೂ ಎಂತ ಕಡಿಮೆ ಅಲ್ಲ."